ಶುಗರ್ ಬಂದ ಮೇಲೆ ನಾನು ಊಟ ಹೊಂದಿಸಿಕೊಂಡ ಬಗೆ

ನನಗಿರುವುದು ಟೈಪ್ 2 ಡಯಾಬಿಟಿಸ್. ಶುಗರ್ ಇದೆ ಅಂತ ಗೊತ್ತಾದ ಕೂಡಲೇ ಸುತ್ತಮುತ್ತಲಿನವರು ಹೇಳುವುದು ಒಂದೇ ಮಾತು: ಅದು ಬಿಡಿ, ಇದು ಬಿಡಿ. ಬಿಡುವ ಪಟ್ಟಿ ಹಿಡಿದುಕೊಂಡು ವರ್ಷಗಟ್ಟಲೆ ನಡೆಸುವುದು ಕಷ್ಟ. ಅದಕ್ಕೇ ಯಾವ ಊಟ ನನ್ನ ಶುಗರನ್ನು ಎಷ್ಟು ಏರಿಸುತ್ತದೆ ಅಂತ ಮೊದಲು ಅಳೆದು ನೋಡಿದೆ. ಆಮೇಲೆ ಊಟ ಹೊಂದಿಸಿಕೊಂಡೆ.

ಊಟಕ್ಕೆ ಕೂರುವ ಮುಂಚೆ ಗ್ಲುಕೋಮೀಟರ್‌ನಲ್ಲಿ ಒಮ್ಮೆ ನೋಡುತ್ತಿದ್ದೆ. ತಿನ್ನಲು ಶುರು ಮಾಡಿದ ಎರಡು ಗಂಟೆಗೆ ಇನ್ನೊಮ್ಮೆ. ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆದು, ಏನು ತಿಂದೆ, ಎಷ್ಟು ತಿಂದೆ ಅಂತ ಕೆಳಗೆ ಸೇರಿಸುತ್ತಿದ್ದೆ. ಸಾಮಾನ್ಯವಾಗಿ ಊಟಕ್ಕೆ ಮುಂಚೆ 80ರಿಂದ 130 (mg/dL ಲೆಕ್ಕದಲ್ಲಿ), ಊಟದ ನಂತರ 180ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಎನ್ನುತ್ತಾರೆ. ವಯಸ್ಸು, ಬೇರೆ ಕಾಯಿಲೆ ನೋಡಿಕೊಂಡು ಡಾಕ್ಟರ್ ಇದನ್ನು ಬದಲಿಸುವುದೂ ಉಂಟು. ನನ್ನ ಕಣ್ಣು ಮಾತ್ರ ಎರಡು ಅಂಕಿಗಳ ನಡುವಿನ ಅಂತರದ ಮೇಲಿತ್ತು. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಒಂದನ್ನೇ ನೋಡಿದರೆ ಮಧ್ಯಾಹ್ನದ ಊಟದ ಬಗ್ಗೆ ಏನೂ ತಿಳಿಯುವುದಿಲ್ಲ ಅಲ್ವಾ?

ಅಡುಗೆಮನೆಗೆ ಒಂದು ಚಿಕ್ಕ ತಕ್ಕಡಿಯೂ ಬಂತು. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಶುಗರ್ ಏರಿಸುವ ಅಂಶ, ಇರುತ್ತದೆ. ಆದರೆ ದೊಡ್ಡ ತಟ್ಟೆಯಲ್ಲಿ ಅಷ್ಟು ಅನ್ನ ಬಡಿಸಿ ನೋಡಿ, ಸುಮ್ನೆ ರುಚಿ ನೋಡಲು ಹಾಕಿಕೊಂಡ ಹಾಗೆ ಕಾಣುತ್ತದೆ. ಕೈ ತಾನಾಗಿ ಇನ್ನೊಂದು ಸೌಟಿಗೆ ಹೋಗುತ್ತದೆ. ಹಾಗಾಗಿ ತಟ್ಟೆಯನ್ನೇ 9 ಇಂಚಿನದಕ್ಕೆ ಇಳಿಸಿದೆ. ಅದರಲ್ಲಿ ಅರ್ಧ ಭಾಗ ಸೊಪ್ಪು, ಬೀನ್ಸ್, ಎಲೆಕೋಸು, ಸೌತೆಕಾಯಿಯಂಥ ತರಕಾರಿ. ಕಾಲು ಭಾಗ ಬೇಳೆಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನ ಇಲ್ಲವೇ ಗೋಧಿಯದು. ಆಲೂಗಡ್ಡೆ ತರಕಾರಿಯ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ ಪಿಷ್ಟ ಜಾಸ್ತಿ, ಅದು ಅನ್ನದ ಪಾಲಿಗೇ ಸೇರಬೇಕು. ಬೇಳೆಕಾಳಿನಲ್ಲೂ ಕಾರ್ಬೋಹೈಡ್ರೇಟ್ ಇರುವುದರಿಂದ, ಕಾಳು ಜಾಸ್ತಿ ಹಾಕಿಕೊಂಡ ದಿನ ಅನ್ನ ಇನ್ನೊಂಚೂರು ಕಡಿಮೆ.

ತುಂಬಾ ಉಪಯೋಗಕ್ಕೆ ಬಂದದ್ದು ತಿನ್ನುವ ಸರದಿ. ಅದೇ ತಟ್ಟೆ, ಅದೇ ಅಳತೆ. ಮೊದಲು ತರಕಾರಿ, ಆಮೇಲೆ ಕಾಳು ಅಥವಾ ಮೊಟ್ಟೆ, ಕೊನೆಗೆ ಅನ್ನ ತಿಂದರೆ ಎರಡು ಗಂಟೆಯ ಅಂಕಿ ಕೆಳಗೆ ಇರುತ್ತಿತ್ತು. ನಾರು, ಪ್ರೋಟೀನ್ ಮೊದಲೇ ಹೊಟ್ಟೆಯಲ್ಲಿದ್ದರೆ ಹಿಂದೆ ಬರುವ ಪಿಷ್ಟ ನಿಧಾನವಾಗಿ ಕರುಳಿಗೆ ಇಳಿಯುತ್ತದೆ, ರಕ್ತಕ್ಕೂ ನಿಧಾನವಾಗಿ ಸೇರುತ್ತದೆ. ಇದಕ್ಕೆ ಖರ್ಚೂ ಇಲ್ಲ, ಏನನ್ನೂ ಬಿಡಬೇಕಾಗಿಯೂ ಇಲ್ಲ. ಶುಗರ್ ಇರುವ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಊಟವಾದ ಮೇಲೆ ಸ್ವಲ್ಪ ಹೊತ್ತು ನಡೆದರೆ ಇನ್ನೂ ಅನುಕೂಲ. ಕೆಲಸ ಮಾಡುವ ಸ್ನಾಯು ರಕ್ತದಲ್ಲಿನ ಗ್ಲುಕೋಸನ್ನು ಎಳೆದುಕೊಳ್ಳುತ್ತದೆ.

ಹಣ್ಣು ಬಿಟ್ಟಿಲ್ಲ, ಜ್ಯೂಸ್ ಬಿಟ್ಟೆ. ಕಿತ್ತಳೆಯನ್ನು ತೊಳೆ ಬಿಡಿಸಿ ತಿಂದರೆ ಒಂದಕ್ಕೇ ತೃಪ್ತಿ, ನಾರೂ ಸಿಗುತ್ತದೆ. ಒಂದು ಲೋಟ ಜ್ಯೂಸಿಗೆ ಎರಡು ಮೂರು ಹಣ್ಣು ಹೋಗುತ್ತವೆ, ನಾರು ಬಹುಪಾಲು ಜರಡಿಯಲ್ಲೇ ಉಳಿಯುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳದೆ ಅನ್ನ ಇಳಿಸಬೇಡಿ. ಔಷಧಿ ಹಳೇ ಅಳತೆಯಲ್ಲೇ ಇದ್ದು ಊಟ ಕಡಿಮೆಯಾದರೆ ಶುಗರ್ ವಿಪರೀತ ಇಳಿಯಬಹುದು. ಕೈ ನಡುಗಿ, ಬೆವರಿ, ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆ ತೆಗೆದುಕೊಂಡು 15 ನಿಮಿಷಕ್ಕೆ ಮತ್ತೆ ನೋಡಬೇಕು. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ಅನ್ನುವುದನ್ನೂ ಕೇಳಿಕೊಳ್ಳಿ, ನನ್ನ ತಟ್ಟೆಯ ಅಳತೆ ಅವರಿಗೆ ಹೊಂದದಿರಬಹುದು.