ಎಐ ಕೈಗೆ ಕೋಡ್ ಕೊಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಬಿಲ್‌ನಲ್ಲಿ ತಾರೀಖು ತಪ್ಪು ಬರುತ್ತಿತ್ತು. ಎರಡು ದಿನ ಕೂತು ಕೋಡ್ ಸರಿಮಾಡಿದ್ದೆ, ಕಮಿಟ್ ಮಾಡಿರಲಿಲ್ಲ, ಅಂದರೆ ಕೋಡ್‌ನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಅದನ್ನು ಉಳಿಸಿರಲಿಲ್ಲ. ಅದೇ ಫೋಲ್ಡರ್‌ನಲ್ಲಿ ಎಐ ಅಸಿಸ್ಟೆಂಟ್‌ಗೆ ಇನ್ನೊಂದು ಕೆಲಸ ಹೇಳಿದೆ. ಅದು ಬರೆದದ್ದು ಹಿಡಿಸಲಿಲ್ಲ. ‘ಎಲ್ಲ ಮೊದಲಿನ ಹಾಗೆ ಮಾಡು’ ಎಂದೆ. ಅದು ‘ಗಿಟ್ ರಿಸ್ಟೋರ್’ ಓಡಿಸಿತು. ಅದರ ಕೆಲಸದ ಜೊತೆ ನನ್ನ ಎರಡು ದಿನವೂ ಅಳಿಸಿಹೋಯ್ತು. ಗಿಟ್ ಲೆಕ್ಕದಲ್ಲಿ ‘ಮೊದಲಿನ ಹಾಗೆ’ ಅಂದರೆ ಕೊನೆಯ ಕಮಿಟ್ ಇದ್ದ ಹಾಗೆ. ಯಾವುದು ನನ್ನದು, ಯಾವುದು ಎಐ ಬರೆದದ್ದು ಅಂತ ಗಿಟ್‌ಗೆ ಗೊತ್ತಾಗಲು ದಾರಿಯೇ ಇರಲಿಲ್ಲ.

ಅವತ್ತಿನಿಂದ ಅಸಿಸ್ಟೆಂಟ್‌ಗೆ ಕೆಲಸ ಹೇಳುವ ಮುಂಚೆ ಹತ್ತು ನಿಮಿಷ ಎತ್ತಿಡುತ್ತೇನೆ. ನೀವೂ ಹಾಗೇ ಮಾಡಿ.

ಮೊದಲು ಟರ್ಮಿನಲ್‌ನಲ್ಲಿ ‘ಗಿಟ್ ಸ್ಟೇಟಸ್’ ಹೊಡೆಯಿರಿ. ಯಾವ ಬ್ರಾಂಚ್‌ನಲ್ಲಿ (ಕೋಡ್‌ನ ಪ್ರತ್ಯೇಕ ಕವಲಿನಲ್ಲಿ) ಇದ್ದೀರಿ, ಯಾವ ಫೈಲ್ ಬದಲಾಗಿದೆ ಎಂದು ಸಾವಕಾಶವಾಗಿ ಓದಿ. ಬದಲಾದದ್ದು ಏನಿದ್ದರೂ ಕಮಿಟ್ ಮಾಡಿ. ಅರ್ಧಂಬರ್ಧ ಆಗಿದ್ದರೂ ಪರವಾಗಿಲ್ಲ, ಆಮೇಲೆ ತಿದ್ದಬಹುದು. ಕೆಲವರು ಸ್ಟ್ಯಾಶ್ ಮಾಡಿಟ್ಟು, ಅಂದರೆ ಬದಲಾವಣೆಗಳನ್ನು ಗಿಟ್‌ನಲ್ಲೇ ತಾತ್ಕಾಲಿಕವಾಗಿ ಎತ್ತಿಟ್ಟು, ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಸುಮ್ನೆ ‘ಗಿಟ್ ಸ್ಟ್ಯಾಶ್’ ಎಂದರೆ ಹೊಸದಾಗಿ ಸೃಷ್ಟಿಸಿದ, ಇನ್ನೂ ‘ಗಿಟ್ ಆ್ಯಡ್’ ಹೇಳಿ ಗಿಟ್‌ಗೆ ಸೇರಿಸದ ಫೈಲ್‌ಗಳು ಅದರೊಳಗೆ ಹೋಗುವುದಿಲ್ಲ. ಅದಕ್ಕೆ ಕೊನೆಯಲ್ಲಿ ‘ಮೈನಸ್ ಯು’ (-u) ಸೇರಿಸಬೇಕು. ಸ್ಟೇಟಸ್‌ನಲ್ಲಿ ‘ಅನ್‌ಟ್ರ್ಯಾಕ್ಡ್’ ಎಂದು ಕಾಣುವ ಈ ಫೈಲ್‌ಗಳ ಮೇಲೆಯೇ ಜಾಸ್ತಿ ಕಣ್ಣಿಡಿ. ಅವುಗಳ ಪ್ರತಿ ಗಿಟ್ ಹತ್ತಿರ ಇರುವುದಿಲ್ಲ. ಯಾರಾದರೂ ‘ಗಿಟ್ ಕ್ಲೀನ್’ ಓಡಿಸಿ ಅಳಿಸಿದರೆ ಗಿಟ್‌ನಿಂದ ವಾಪಸ್ ಬರುವುದಿಲ್ಲ.

ಎಲ್ಲ ಕಮಿಟ್ ಆದ ಮೇಲೆ ಎಐ ಕೆಲಸಕ್ಕೆ ಹೊಸ ಬ್ರಾಂಚ್ ತೆರೆಯಿರಿ. ನೀವು ಅದೇ ಹೊತ್ತಿಗೆ ಬೇರೆ ಕೆಲಸ ಮಾಡುವವರಾದರೆ ‘ಗಿಟ್ ವರ್ಕ್‌ಟ್ರೀ’ ಬಳಸಿ. 2015ರಲ್ಲಿ ಗಿಟ್ 2.5ರ ಜೊತೆ ಬಂದ ಸೌಲಭ್ಯ ಇದು. ಒಂದೇ ರೆಪೊಸಿಟರಿಗೆ, ಅಂದರೆ ಗಿಟ್ ನೋಡಿಕೊಳ್ಳುವ ಪ್ರಾಜೆಕ್ಟ್‌ಗೆ, ಎರಡನೇ ಫೋಲ್ಡರ್ ಸಿಗುತ್ತದೆ. ಅಸಿಸ್ಟೆಂಟ್ ಅಲ್ಲಿ, ನೀವು ಇಲ್ಲಿ. ಕಮಿಟ್ ಆಗದ ಫೈಲ್‌ಗಳು ಹೊಸ ಫೋಲ್ಡರ್‌ಗೆ ಬರುವುದಿಲ್ಲ, ಹಾಗಾಗಿ ಪ್ರಾಜೆಕ್ಟ್ ಬಳಸುವ ಹೊರಗಿನ ಪ್ಯಾಕೇಜ್‌ಗಳನ್ನು ಅಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗುತ್ತದೆ.

ಆಮೇಲೆ ಟೆಸ್ಟ್, ಅಂದರೆ ಕೋಡ್ ಸರಿಯಾಗಿದೆಯಾ ಎಂದು ಪರೀಕ್ಷಿಸುವ ಪ್ರೋಗ್ರಾಂಗಳು. ಅಸಿಸ್ಟೆಂಟ್ ಒಂದು ಸಾಲೂ ಬರೆಯುವ ಮುಂಚೆ ನೀವೇ ಒಮ್ಮೆ ಎಲ್ಲ ಟೆಸ್ಟ್ ಓಡಿಸಿ (ಅದಕ್ಕೂ ಮುಂಚೆ ಕೆಳಗೆ ಹೇಳಿರುವ ಡೇಟಾಬೇಸ್ ವಿಳಾಸ ನೋಡಿಕೊಳ್ಳಿ). ಮೂರು ಫೇಲ್ ಆದವು ಎನ್ನಿ. ಆ ಮೂರರ ಹೆಸರು ಚೀಟಿಯಲ್ಲಿ ಬರೆದಿಡಿ, ಅಸಿಸ್ಟೆಂಟ್‌ಗೂ ಹೇಳಿ. ಹೇಳದಿದ್ದರೆ ಅದು ತನ್ನಿಂದಲೇ ಕೆಟ್ಟಿತೆಂದುಕೊಂಡು ಸಂಬಂಧವಿಲ್ಲದ ಫೈಲ್‌ಗಳಿಗೆ ಕೈ ಹಾಕಬಹುದು. ಟೆಸ್ಟ್ ಪಾಸ್ ಆಗಲಿ ಅಂತ ಟೆಸ್ಟನ್ನೇ ತಿದ್ದಿಬಿಡುವುದೂ ಉಂಟು.

ಇನ್ನು ನನಗೆ ನಿಜಕ್ಕೂ ಭಯ ಇರುವ ಜಾಗ: ಪ್ರಾಜೆಕ್ಟ್‌ನ ಸೆಟ್ಟಿಂಗ್‌ಗಳಿರುವ ‘ಡಾಟ್ ಇಎನ್‌ವಿ’ (.env) ಫೈಲ್. ಅದನ್ನು ತೆರೆದು ಡೇಟಾಬೇಸ್ ವಿಳಾಸದ ಸಾಲನ್ನು ಓದಿ. ‘ಲೋಕಲ್‌ಹೋಸ್ಟ್’ (ನಿಮ್ಮದೇ ಕಂಪ್ಯೂಟರ್) ಎಂದಿದೆಯಾ? ಇಲ್ಲಾ, ಕಳೆದ ವಾರ ಏನೋ ಪರೀಕ್ಷಿಸಲು ಹಾಕಿದ, ಗ್ರಾಹಕರು ಬಳಸುವ ಪ್ರೊಡಕ್ಷನ್ ಸರ್ವರ್ ಹೆಸರು ಹಾಗೇ ಉಳಿದಿದೆಯಾ? ಉಳಿದಿದ್ದರೆ ಟೆಸ್ಟ್‌ಗೂ ಮುಂಚೆ ಬದಲಿಸಿ. ಅಸಿಸ್ಟೆಂಟ್ ಓಡಿಸುವ ಒಂದು ಮೈಗ್ರೇಶನ್ (ಡೇಟಾಬೇಸ್‌ನ ರಚನೆ ಬದಲಿಸುವ ಕೆಲಸ) ಸಾಕು, ಗ್ರಾಹಕರ ನಿಜವಾದ ಟೇಬಲ್ ಬದಲಾಗಿಬಿಡುತ್ತದೆ. ಅದನ್ನು ಗಿಟ್ ವಾಪಸ್ ತರಲಾರದು.

ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆ ಬಳಸಲು ಬೇಕಾದ ಗುಟ್ಟಿನ ಸಂಕೇತ) ಕೂಡ ಅಲ್ಲೇ ಇರುತ್ತವೆ ಅಲ್ವಾ? ‘ಗಿಟ್‌ಇಗ್ನೋರ್‌ನಲ್ಲಿ ಹಾಕಿದ್ದೇನೆ, ಏನೂ ಆಗಲ್ಲ’ ಎಂದುಕೊಳ್ಳಬೇಡಿ. ಯಾವ ಫೈಲ್‌ಗಳನ್ನು ಗಿಟ್ ಬಿಟ್ಟುಬಿಡಬೇಕು ಎನ್ನುವ ಆ ಪಟ್ಟಿ ಗಿಟ್‌ಗೆ ಮಾತ್ರ. ಫೋಲ್ಡರ್ ಓದಲು ಅನುಮತಿ ಪಡೆದ ಅಸಿಸ್ಟೆಂಟ್ ಆ ಫೈಲನ್ನೂ ಓದಬಲ್ಲದು. ಕ್ಲೌಡ್‌ನಲ್ಲಿ ನಡೆಯುವ ಮಾಡೆಲ್ ಆದರೆ ಓದಿದ್ದು ಆ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಅಸಲಿ ಕೀಗಳನ್ನು ಫೋಲ್ಡರ್‌ನಿಂದ ಹೊರಗಿಡಿ, ಪರೀಕ್ಷೆಗೆಂದೇ ಮಾಡಿದ ಕೀ ಹಾಕಿ.

ಕೋಡ್ ಓಡಿಸುವ ನೋಡ್ ಅಥವಾ ಪೈಥಾನ್‌ನ ಆವೃತ್ತಿ ಪ್ರಾಜೆಕ್ಟ್ ಕೇಳುವುದಕ್ಕೆ ಹೊಂದುತ್ತದೆಯಾ ಎಂದು ಒಮ್ಮೆ ನೋಡಿದರೆ ಸಾಕು. ‘ಏಜೆಂಟ್ಸ್ ಡಾಟ್ ಎಂಡಿ’ಯಂಥ ಫೈಲ್, ಅಂದರೆ ಅಸಿಸ್ಟೆಂಟ್‌ಗೆಂದು ಬರೆದಿಟ್ಟ ಸೂಚನೆಗಳು, ಇದ್ದರೆ ಅದನ್ನಂತೂ ಪೂರ್ತಿ ಓದಿ. ನಾವು ಮರೆತ ಹಳೇ ಸೂಚನೆಯನ್ನು ಅಸಿಸ್ಟೆಂಟ್ ಮರೆಯುವುದಿಲ್ಲ, ಪ್ರತಿ ಸಲ ಓದಿ ಹಾಗೇ ನಡೆಯಲು ನೋಡುತ್ತದೆ.

ಕೊನೆಗೆ, ಕೆಲಸ ಹೇಳುವ ಮುಂಚೆ ಒಂದು ಪ್ರಶ್ನೆ ಕೇಳಿ: ‘ಏನನ್ನೂ ಬದಲಿಸಬೇಡ. ಈಗ ಯಾವ ಬ್ರಾಂಚ್‌ನಲ್ಲಿದ್ದೀಯ, ಟೆಸ್ಟ್ ಓಡಿಸುವ ಕಮಾಂಡ್ ಯಾವುದು, ಡೇಟಾಬೇಸ್ ಯಾವುದು ಅಂತ ಹೇಳು.’ ಉತ್ತರವನ್ನು ನೀವೇ ನೋಡಿಕೊಂಡದ್ದರ ಜೊತೆ ಹೋಲಿಸಿ. ಒಂದು ಸಾಲು ಬೇರೆಯಾದರೂ ಅಲ್ಲೇ ನಿಲ್ಲಿಸಿ, ಯಾಕೆ ಎಂದು ಹುಡುಕಿ. ಎಲ್ಲ ಸರಿಹೊಂದಿದರೆ ಕೆಲಸ ಹೇಳಿ.