ದೋಸೆಹಿಟ್ಟಿಗೂ ಫಾರ್ಮ್ ಉಂಟು: ಅಮೆರಿಕದ ಸೈನ್ಸ್ ಫೇರ್, ವರ್ಚುವಲ್ ಲ್ಯಾಬ್, ಲೈಬ್ರರಿ ಪಾಸ್

ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡದ ಅಪ್ಪ-ಅಮ್ಮಂದಿರು ಶಾಲೆಯಲ್ಲಿ ಮೊದಲು ಕೇಳುವ ಪ್ರಶ್ನೆ, "ಸೈನ್ಸ್‌ಗೆ ಯಾವ ಟೆಕ್ಸ್ಟ್‌ಬುಕ್?" ಎಷ್ಟೋ ಕಡೆ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. ಇಲ್ಲಿ ದೇಶಕ್ಕೆಲ್ಲ ಒಂದೇ ಸಿಲಬಸ್ ಇಲ್ಲ. ಏನು ಕಲಿಸಬೇಕು ಎಂಬುದು ರಾಜ್ಯದ ಕೈಯಲ್ಲಿ, ಹೇಗೆ ಎಂಬುದು ಬಹುಮಟ್ಟಿಗೆ ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಕೈಯಲ್ಲಿ. 2013ರಲ್ಲಿ ಬಂದ 'ನೆಕ್ಸ್ಟ್ ಜನರೇಷನ್ ಸೈನ್ಸ್ ಸ್ಟ್ಯಾಂಡರ್ಡ್ಸ್' ಎಂಬ ಕಲಿಕೆಯ ಪಟ್ಟಿಯನ್ನು 20 ರಾಜ್ಯಗಳು ಹಾಗೂ ವಾಷಿಂಗ್ಟನ್ ಡಿ.ಸಿ. ಒಪ್ಪಿಕೊಂಡಿವೆ. ಟೆಕ್ಸಸ್, ವರ್ಜೀನಿಯಾ, ಫ್ಲಾರಿಡಾಗಳಿಗೆ ತಮ್ಮದೇ ಪಟ್ಟಿ ಇದೆ. ಹೆಸರು ಯಾವುದಾದರೂ ಒತ್ತು ಒಂದೇ: ಮಗು ಪ್ರಶ್ನೆ ಕೇಳಬೇಕು, ಅಳೆಯಬೇಕು, ಅಳತೆ ಇಟ್ಟುಕೊಂಡು ವಾದ ಮಾಡಬೇಕು.

ಆ ಒತ್ತು ಎದ್ದು ಕಾಣುವುದು ಮಕ್ಕಳು ತಮ್ಮ ಪ್ರಯೋಗವನ್ನು ತೀರ್ಪುಗಾರರ ಮುಂದಿಡುವ ಸೈನ್ಸ್ ಫೇರ್‌ನಲ್ಲಿ. ನಮ್ಮವರು ಎಡವುವುದೂ ಅಲ್ಲೇ. ಎಡವಲು ಕಾರಣ ವಿಜ್ಞಾನ ಗೊತ್ತಿಲ್ಲದ್ದಲ್ಲ, ಕ್ರಮ ಗೊತ್ತಿಲ್ಲದ್ದು. ಮೊದಲು ಪ್ರಶ್ನೆ, ಆಮೇಲೆ ಅನುಮತಿ, ಅದಾದ ಮೇಲೆ ಪ್ರಯೋಗ. ಪ್ರಯೋಗ ಮುಗಿಸಿಬಿಟ್ಟು ಫಾರ್ಮ್ ತುಂಬಲು ಕೂತರೆ, ಕೆಲಸ ಎಷ್ಟೇ ಚೆನ್ನಾಗಿದ್ದರೂ ಮೇಲಿನ ಹಂತದಲ್ಲಿ ತೆಗೆದುಹಾಕುತ್ತಾರೆ.

ಮೆಟ್ಟಿಲುಗಳು

ಶಾಲೆಯ ಫೇರ್, ಅದರ ಮೇಲೆ ಪ್ರಾದೇಶಿಕ ಫೇರ್, ಹಲವೆಡೆ ರಾಜ್ಯದ ಫೇರ್, ತುದಿಯಲ್ಲಿ ಮೇ ತಿಂಗಳಲ್ಲಿ ನಡೆಯುವ ಐಸೆಫ್, ಅಂದರೆ ಅಂತಾರಾಷ್ಟ್ರೀಯ ಸೈನ್ಸ್ ಮತ್ತು ಎಂಜಿನಿಯರಿಂಗ್ ಫೇರ್. ಇದನ್ನು ನಡೆಸುವುದು 1921ರಲ್ಲಿ ಹುಟ್ಟಿದ 'ಸೊಸೈಟಿ ಫಾರ್ ಸೈನ್ಸ್'. ಮೊದಲ ರಾಷ್ಟ್ರೀಯ ಫೇರ್ 1950ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆಯಿತು. ಐಸೆಫ್ 9ರಿಂದ 12ನೇ ಗ್ರೇಡಿನವರಿಗೆ; ಒಬ್ಬರೇ ಮಾಡಬಹುದು, ಇಲ್ಲವೇ ಗರಿಷ್ಠ ಮೂವರ ತಂಡ. ಮಿಡಲ್ ಸ್ಕೂಲಿನವರಿಗೆ ಬೇರೆ ಸ್ಪರ್ಧೆ ಇದೆ, ಅದಕ್ಕೆ ಪ್ರಾದೇಶಿಕ ಫೇರೇ ಹೆಸರು ಸೂಚಿಸಬೇಕು. ಎಲಿಮೆಂಟರಿಯಲ್ಲಿ ಆಯಾ ಶಾಲೆಯದೇ ನಿಯಮ, ಆದರೆ ಎಷ್ಟೋ ಶಾಲೆಗಳು ಐಸೆಫ್ ನಿಯಮಗಳನ್ನೇ ಎತ್ತಿಕೊಂಡಿರುತ್ತವೆ.

ಎಲ್ಲ ಶಾಲೆಗಳಲ್ಲೂ ಫೇರ್ ಇರುವುದಿಲ್ಲ. ಇಲ್ಲದಿದ್ದರೆ ಅಲ್ಲಿಗೇ ಕೈಚೆಲ್ಲಬೇಡಿ. ಸೊಸೈಟಿಯ ವೆಬ್‌ಸೈಟಿನಲ್ಲಿ ನಿಮ್ಮ ಭಾಗದ ಪ್ರಾದೇಶಿಕ ಫೇರ್ ಹುಡುಕಿ, ಅದರ ನಿರ್ದೇಶಕರಿಗೆ ಸೆಪ್ಟೆಂಬರಿನಲ್ಲೇ ಎರಡು ಸಾಲು ಈಮೇಲ್ ಹಾಕಿ: "ನಮ್ಮ ಶಾಲೆಯಲ್ಲಿ ಫೇರ್ ಇಲ್ಲ, ನೇರವಾಗಿ ಸೇರಬಹುದೇ?" ಕೆಲವು ಕಡೆ ಬಿಡುತ್ತಾರೆ. ಜನವರಿಯಲ್ಲಿ ಕೇಳಿದರೆ ಬಹುತೇಕ ತಡವಾಗಿರುತ್ತದೆ, ಏಕೆಂದರೆ ಹೆಚ್ಚಿನ ಫೇರ್‌ಗಳು ಜನವರಿಯಿಂದ ಮಾರ್ಚ್ ಒಳಗೆ ಮುಗಿದುಹೋಗುತ್ತವೆ.

ಐಸೆಫ್ ದಾರಿಯ ಪ್ರತಿ ಪ್ರಾಜೆಕ್ಟಿಗೂ ಮೂರು ಫಾರ್ಮ್ ಮತ್ತು ಒಂದು ಸಂಶೋಧನಾ ಯೋಜನೆ ಕಡ್ಡಾಯ: ಹೊಣೆ ಹೊತ್ತ ಹಿರಿಯರದು 1, ವಿದ್ಯಾರ್ಥಿಯದು 1ಎ, ಒಪ್ಪಿಗೆಯದು 1ಬಿ. ಮನುಷ್ಯರು, ಬೆನ್ನುಮೂಳೆ ಇರುವ ಪ್ರಾಣಿಗಳು, ಸೂಕ್ಷ್ಮಜೀವಿಗಳು ಒಳಗೆ ಬಂದರೆ ಇನ್ನಷ್ಟು ಫಾರ್ಮ್, ಜೊತೆಗೆ ಸಮಿತಿಯ ಮುಂಗಡ ಒಪ್ಪಿಗೆ. ಬಾಗಿಲ ಹಿಡಿಯಿಂದ ಹತ್ತಿಯಲ್ಲಿ ಒರೆಸಿ, ಪೆಟ್ರಿ ಡಿಶ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪ್ರಯೋಗ ಯೂಟ್ಯೂಬಿನ ತುಂಬ ಇದೆ. ಐಸೆಫ್ ನಿಯಮದಲ್ಲಿ ಮನೆಯೊಳಗೆ ಬ್ಯಾಕ್ಟೀರಿಯಾ ಕಲ್ಚರ್ ಮಾಡುವುದು ಸಾರಾಸಗಟು ನಿಷಿದ್ಧ. ಮಾದರಿಯನ್ನು ಮನೆಯಲ್ಲಿ ಸಂಗ್ರಹಿಸಬಹುದು, ಬೆಳೆಸುವುದು ಮಾತ್ರ ಸರಿಯಾದ ಲ್ಯಾಬಿನಲ್ಲಿ.

ಉದಾಹರಣೆಗೆ ದೋಸೆಹಿಟ್ಟು

ಡಿಸೆಂಬರಿನಲ್ಲಿ ಮಿನೆಸೋಟಾದಲ್ಲೋ ಮಿಷಿಗನ್ನಿನಲ್ಲೋ ಇರುವ ಯಾವ ಕನ್ನಡದ ಮನೆಯಲ್ಲೂ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ: ಹಿಟ್ಟು ಯಾಕೆ ಉಬ್ಬುತ್ತಿಲ್ಲ? ಅಡುಗೆಸೋಡಾ ಜ್ವಾಲಾಮುಖಿಗಿಂತ, ಅಂಗಡಿಯ ಕಿಟ್‌ಗಿಂತ ಇದು ನೂರುಪಾಲು ಒಳ್ಳೆಯ ಪ್ರಾಜೆಕ್ಟ್. ಜ್ವಾಲಾಮುಖಿ ಬರೀ ಪ್ರದರ್ಶನ, ಅದರಲ್ಲಿ ಅಳೆಯಲು ಏನೂ ಇಲ್ಲ. ಇಲ್ಲಿ ಬದಲಿಸುವುದು ಒಂದೇ, ತಾಪಮಾನ. ಅಳೆಯುವುದೂ ಒಂದೇ, ಹಿಟ್ಟು ಎಷ್ಟು ಏರಿತು ಎಂಬುದು. ಉಳಿದದ್ದೆಲ್ಲ ಒಂದೇ ಥರ ಇರಬೇಕು.

ಒಂದು ಕಪ್ ಉದ್ದಿನಬೇಳೆ, ಮೂರು ಕಪ್ ದೋಸೆ ಅಕ್ಕಿ ಒಟ್ಟಿಗೆ ನೆನೆಸಿ ಒಂದೇ ಸಲಕ್ಕೆ ರುಬ್ಬಿ. ಬೇರೆ ಬೇರೆ ದಿನ ರುಬ್ಬಿದರೆ ಪ್ರಯೋಗವೇ ಕೆಟ್ಟಂತೆ. 8 ಔನ್ಸಿನ ಮೇಸನ್ ಜಾರ್ 12 ಬೇಕು, ಪಕ್ಕದಲ್ಲಿ ಎಂಎಲ್ ಗುರುತು ಇರುವಂಥವು. ಪ್ರತಿ ಜಾರಿಗೆ 100 ಎಂಎಲ್ ಹಿಟ್ಟು ಹಾಕಿ, ಮಟ್ಟಕ್ಕೆ ಸರಿಯಾಗಿ ರಬ್ಬರ್ ಬ್ಯಾಂಡ್ ಹಾಕಿ. ಮುಚ್ಚಳ ತಿರುಗಿಸಿ ಬಿಗಿ ಮಾಡಬೇಡಿ, ಸುಮ್ಮನೆ ಮೇಲಿಡಿ. ಒಳಗೆ ಗಾಳಿ ಹುಟ್ಟುತ್ತಿರುತ್ತದೆ. ಮೂರು ಮೂರು ಜಾರುಗಳನ್ನು ನಾಲ್ಕು ಕಡೆ ಇಡಿ: ಫ್ರಿಜ್, ಅಡುಗೆಕಟ್ಟೆ, ದೀಪ ಮಾತ್ರ ಹಾಕಿದ ಅವನ್, ಇನ್‌ಸ್ಟಂಟ್ ಪಾಟ್‌ನ ಯೋಗರ್ಟ್ ಮೋಡ್. ಗಂಟೆಗೊಮ್ಮೆ ಮಟ್ಟ ಬರೆದುಕೊಳ್ಳಿ. ರಾತ್ರಿ ರುಬ್ಬಿದರೆ ಅರ್ಧ ಗ್ರಾಫ್ ನಿದ್ದೆಯಲ್ಲೇ ಕಳೆದುಹೋಗುತ್ತದೆ, ಹಾಗಾಗಿ ಶನಿವಾರ ಬೆಳಗ್ಗೆ ಶುರುಮಾಡಿ.

ಎಲ್ಲಿ ಕೆಡುತ್ತದೆ? ಕೆಲವು ಹೊಸ ಅವನ್‌ಗಳಲ್ಲಿ ಎಲ್‌ಇಡಿ ದೀಪ ಇರುತ್ತದೆ, ಅದು ಅಷ್ಟಾಗಿ ಬಿಸಿಯಾಗುವುದಿಲ್ಲ. ಅಮ್ಮ "ಅವನ್ ಬೆಚ್ಚಗಿದೆ" ಎಂದದ್ದು ಡೇಟಾ ಅಲ್ಲ, ಒಳಗೆ ಥರ್ಮಾಮೀಟರ್ ಇಟ್ಟು ಓದಬೇಕು. ಯಾರೋ ಮರೆತು ಅವನ್ ಪ್ರೀಹೀಟ್ ಮಾಡಿದರೆ ಜಾರು ಒಡೆಯುತ್ತದೆ, ನಾಬ್ ಮೇಲೆ ಟೇಪ್ ಅಂಟಿಸಿ. ಹಿಟ್ಟು ಏರಿ ಮತ್ತೆ ಕುಸಿಯುತ್ತದೆ. ಕೊನೆಯ ಮಟ್ಟ ಮಾತ್ರ ಬರೆದರೆ, ಬೇಗ ಏರಿ ಕುಸಿದ ಜಾರು ಏರಲೇ ಇಲ್ಲವೆಂಬಂತೆ ಕಾಣುತ್ತದೆ. ಫ್ಯಾರನ್‌ಹೀಟಿನಲ್ಲಿ ಓದಿದ್ದನ್ನು ಬೋರ್ಡಿಗೆ ಸೆಲ್ಸಿಯಸ್‌ಗೆ ತಿರುಗಿಸಿ. ಒಂದೇ ಕಡೆಯ ಮೂರು ಜಾರುಗಳಲ್ಲಿ ಒಂದು ಬೇರೆ ದಾರಿ ಹಿಡಿದರೆ ಅದನ್ನು ಅಳಿಸಬೇಡಿ. ತೀರ್ಪುಗಾರರು ಕೇಳುವುದೇ ಅದನ್ನು: "ಇದು ಯಾಕೆ ಹೀಗೆ?"

ಇನ್ನು ಫಾರ್ಮ್. ಹುದುಗುವುದು ಸೂಕ್ಷ್ಮಜೀವಿಗಳ ಕೆಲಸ. ಆದ್ದರಿಂದ ರುಬ್ಬುವ ಮೊದಲೇ ಯೋಜನೆಯನ್ನು ಶಿಕ್ಷಕರ ಮೂಲಕ ಫೇರ್‌ನ ವೈಜ್ಞಾನಿಕ ಪರಿಶೀಲನಾ ಸಮಿತಿಗೆ ಕಳಿಸಿ, ಲಿಖಿತ ಉತ್ತರ ಇಟ್ಟುಕೊಳ್ಳಿ. ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. "ಯಾವ ಹಿಟ್ಟಿನ ದೋಸೆ ರುಚಿ?" ಎಂದು ಹತ್ತು ಜನರಿಗೆ ತಿನ್ನಿಸಿ ಅಂಕ ಬರೆಸಿದರೆ, ಆ ಕ್ಷಣಕ್ಕೆ ಅದು ಮನುಷ್ಯರ ಮೇಲಿನ ಅಧ್ಯಯನವಾಯಿತು. ಅದಕ್ಕೆ ಬೇರೆ ಸಮಿತಿ: ಒಬ್ಬ ಶಿಕ್ಷಕ, ಒಬ್ಬ ಶಾಲಾ ಆಡಳಿತಗಾರ, ಒಬ್ಬ ವೈದ್ಯಕೀಯ ಅಥವಾ ಮಾನಸಿಕ ಆರೋಗ್ಯ ಕ್ಷೇತ್ರದವರು. ಇವರು ಮೊದಲೇ ಒಪ್ಪಿರಬೇಕು. ಗೂಗಲ್ ಫಾರ್ಮ್‌ನಲ್ಲಿ ಗೆಳೆಯರಿಗೆ ಸರ್ವೆ ಕಳಿಸುವುದಕ್ಕೂ ಇದೇ ನಿಯಮ. ಸರಳ ಪರಿಹಾರ: ರುಚಿ ಬಿಡಿ, ಎತ್ತರ ಅಳೆಯಿರಿ.

ಲಾಗ್‌ಬುಕ್ ವಿಷಯದಲ್ಲಿ ಊರಿನ ಅಭ್ಯಾಸ ಮುಳುವಾಗುತ್ತದೆ. ಕರ್ನಾಟಕದ ಹೈಸ್ಕೂಲು, ಪಿಯುಸಿಯಲ್ಲಿ ರೆಕಾರ್ಡ್ ಪುಸ್ತಕ ಎಂದರೆ ಒಂದು ಪುಟ ಚಿತ್ರ, ಒಂದು ಪುಟ ಬರಹ, ಬ್ರೌನ್ ಕವರ್, ಒಂದೂ ಕಾಟು ಇರಕೂಡದು. ಇಲ್ಲಿ ಅಷ್ಟು ಚೊಕ್ಕವಾಗಿದ್ದರೆ ಅನುಮಾನ ಬರುತ್ತದೆ. ಪೆನ್ನಿನಲ್ಲಿ ಬರೆಯಬೇಕು, ಪ್ರತಿ ನಮೂದಿಗೂ ದಿನಾಂಕ ಮತ್ತು ಗಂಟೆ ಹಾಕಬೇಕು, ತಪ್ಪಿದ್ದನ್ನು ಒಂದು ಗೆರೆ ಎಳೆದು ಹೊಡೆಯಬೇಕು. ಹಿಟ್ಟಿನ ಕಲೆ ಬಿದ್ದಿದ್ದರೆ ಬೀಳಲಿ. ಅಪ್ಪ ರಾತ್ರಿ ಕೂತು ನಕಲು ಬರೆಸಿಕೊಟ್ಟ ಪುಸ್ತಕವನ್ನು ತೀರ್ಪುಗಾರರು ಎರಡು ಪ್ರಶ್ನೆಯಲ್ಲಿ ಪತ್ತೆ ಹಚ್ಚುತ್ತಾರೆ.

ಬೋರ್ಡು ಮೂರು ಮಡಿಕೆಯ, 36 ಇಂಚು ಎತ್ತರ, 48 ಇಂಚು ಅಗಲದ ರಟ್ಟು, ವಾಲ್‌ಮಾರ್ಟಿನಲ್ಲಿ ಸಿಗುತ್ತದೆ. ಫೇರ್ ಹಿಂದಿನ ವಾರ ಖಾಲಿಯಾಗುತ್ತದೆ, ಮೊದಲೇ ತಂದಿಡಿ. ಐಸೆಫ್‌ನಲ್ಲಿ ಬೋರ್ಡಿನ ಮುಂದೆ ಆಹಾರ, ದ್ರವ, ಮಣ್ಣು, ಗಿಡ ಯಾವುದೂ ಇಡುವಂತಿಲ್ಲ. ಹಿಟ್ಟಿನ ಜಾರು ಮನೆಯಲ್ಲೇ ಇರಲಿ, ಫೋಟೋ ಸಾಕು.

ಪರದೆಯ ಮೇಲಿನ ಲ್ಯಾಬ್

ದುಡ್ಡು ಕೊಟ್ಟು ಆ್ಯಪ್ ಕೊಳ್ಳುವ ಮೊದಲು ಫೆಟ್ (PhET) ಎಂಬ ವಿಜ್ಞಾನ ಸಿಮ್ಯುಲೇಷನ್‌ಗಳ ತಾಣ ನೋಡಿ. ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್ಸಿನದು, 2002ರಲ್ಲಿ ಇದನ್ನು ಶುರುಮಾಡಿದವರು ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೈಮನ್. ಉಚಿತ, ಲಾಗಿನ್ ಬೇಡ, ಬ್ರೌಸರಿನಲ್ಲೇ ಓಡುತ್ತದೆ. ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಷನ್‌ನಲ್ಲಿ ಬ್ಯಾಟರಿಯ ಎರಡು ತುದಿಗಳನ್ನು ಬರೀ ತಂತಿಯಿಂದ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಏಳುತ್ತದೆ. ಶಾರ್ಟ್ ಸರ್ಕ್ಯೂಟ್ ಕಲಿಯಲು ಅದೇ ಸರಿಯಾದ ಜಾಗ, ಮನೆಯ 9 ವೋಲ್ಟ್ ಬ್ಯಾಟರಿ ಅಲ್ಲ.

ಆದರೆ ಸಿಮ್ಯುಲೇಷನ್ ಕೊಡುವ ಅಂಕಿ ಸೂತ್ರದಿಂದ ಬಂದದ್ದು, ಅಳತೆಯಿಂದ ಬಂದದ್ದಲ್ಲ. ಅದನ್ನೇ ಫೇರ್‌ಗೆ ಡೇಟಾ ಎಂದು ಒಯ್ದರೆ ನಿಲ್ಲುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಡಿ. ದಾರಕ್ಕೆ ಒಂದು ನಟ್ ಕಟ್ಟಿ ಬಾಗಿಲ ಚೌಕಟ್ಟಿನಿಂದ ಇಳಿಬಿಡಿ. ಗಂಟಿನಿಂದ ನಟ್‌ನ ನಡುವಿನವರೆಗೆ 1 ಮೀಟರ್, ಅಂದರೆ ಅಮೆರಿಕದ ಟೇಪಿನಲ್ಲಿ 39 ಇಂಚು ಮತ್ತು ಎಂಟರಲ್ಲಿ ಮೂರು ಪಾಲು. ಸ್ವಲ್ಪವೇ ಎಳೆದು ಬಿಡಿ, 10 ಸಲ ಹೋಗಿಬರುವ ಹೊತ್ತನ್ನು ಎಣಿಸಿ. 20 ಸೆಕೆಂಡಿನ ಹತ್ತಿರ ಬರಬೇಕು. 18 ಬಂದರೆ ಬಹುಶಃ ಒಂದು ಕಡಿಮೆ ಎಣಿಸಿದ್ದೀರಿ ಅಥವಾ ದಾರ ಗಿಡ್ಡವಿದೆ. ಬಿಟ್ಟ ತಕ್ಷಣ "ಒಂದು" ಎನ್ನುವ ಮಕ್ಕಳು ಒಂಬತ್ತನ್ನೇ ಹತ್ತೆಂದು ಎಣಿಸುತ್ತಾರೆ, ಬಿಡುವಾಗ "ಸೊನ್ನೆ" ಎನ್ನಬೇಕು. ಇದಾದ ಮೇಲೆ ಫೆಟ್‌ನ ಲೋಲಕದಲ್ಲಿ ಚಂದ್ರ, ಗುರು, ಕೊನೆಗೆ ಗುರುತ್ವ ಎಷ್ಟೆಂದು ಹೇಳದೆ ಬಿಟ್ಟಿರುವ 'ಪ್ಲಾನೆಟ್ ಎಕ್ಸ್' ಆರಿಸಲಿ. ಹದಿಹರೆಯದವರು ಆ ಗ್ರಹದ ಗುರುತ್ವವನ್ನು ತಾವೇ ಲೆಕ್ಕ ಹಾಕಬಹುದು.

ಆನ್‌ಲೈನ್‌ನಲ್ಲಿ 13 ವರ್ಷದೊಳಗಿನ ಮಕ್ಕಳ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕೆಂಬ ಕೇಂದ್ರ ಕಾನೂನು 1998ರಿಂದ ಇದೆ. ಅದಕ್ಕೇ ಗಿಡ-ಪ್ರಾಣಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ತಾಣಗಳು ಪೋಷಕರ ಒಪ್ಪಿಗೆಯಿಲ್ಲದೆ ಚಿಕ್ಕ ಮಕ್ಕಳಿಗೆ ಸ್ವಂತ ಖಾತೆ ಕೊಡುವುದಿಲ್ಲ. ಸುಳ್ಳು ವಯಸ್ಸು ಹಾಕಿಸಬೇಡಿ, ನಿಮ್ಮ ಖಾತೆಯಿಂದಲೇ ಒಟ್ಟಿಗೆ ಕೂತು ಮಾಡಿ.

ಲೈಬ್ರರಿ, ಮ್ಯೂಸಿಯಂ

ವಿಳಾಸದ ಪುರಾವೆ ಕೊಟ್ಟರೆ ಲೈಬ್ರರಿ ಕಾರ್ಡ್ ಉಚಿತ, ವೀಸಾ ಕೇಳುವುದಿಲ್ಲ. ಅದರಲ್ಲಿ ಪುಸ್ತಕ ಮಾತ್ರ ಎಂದುಕೊಂಡವರೇ ಹೆಚ್ಚು. ಹಲವು ಲೈಬ್ರರಿಗಳು ಮ್ಯೂಸಿಯಂ ಪಾಸ್, ಮೈಕ್ರೋಸ್ಕೋಪ್, 3ಡಿ ಪ್ರಿಂಟರ್ ಬಳಕೆ, ಟೆಲಿಸ್ಕೋಪ್ ಕೂಡ ಕೊಡುತ್ತವೆ. ಟೆಲಿಸ್ಕೋಪ್ ಸಾಲ ಕೊಡುವ ಪದ್ಧತಿಯನ್ನು 2008ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಖಗೋಳ ಸಂಘ ಶುರುಮಾಡಿತು, ಈಗ ಹಲವು ರಾಜ್ಯಗಳಲ್ಲಿದೆ. ವೆಬ್‌ಸೈಟಿನಲ್ಲಿ 'ಲೈಬ್ರರಿ ಆಫ್ ಥಿಂಗ್ಸ್' ಎಂದು ಹುಡುಕಿ.

ಸೈನ್ಸ್ ಮ್ಯೂಸಿಯಮ್ಮಿಗೆ ವರ್ಷಕ್ಕೆ ಎರಡು ಸಲವಾದರೂ ಹೋಗುವವರು ಕುಟುಂಬ ಸದಸ್ಯತ್ವದ ಲೆಕ್ಕ ಹಾಕಬೇಕು. ಎಎಸ್‌ಟಿಸಿ ಪಾಸ್‌ಪೋರ್ಟ್ ಯೋಜನೆಗೆ (ವಿಜ್ಞಾನ ಮ್ಯೂಸಿಯಂಗಳ ಒಕ್ಕೂಟದ್ದು) ಸೇರಿದ ಮ್ಯೂಸಿಯಂ ಆದರೆ, ಪಟ್ಟಿಯಲ್ಲಿರುವ ಬೇರೆ ಊರಿನ ಮ್ಯೂಸಿಯಂಗಳಿಗೂ ಸಾಮಾನ್ಯ ಪ್ರವೇಶ ಉಚಿತ. ಷರತ್ತು 90 ಮೈಲಿಯದು: ಭೇಟಿ ಕೊಡುವ ಮ್ಯೂಸಿಯಂ ನಿಮ್ಮ ಮನೆಯಿಂದಲೂ ನಿಮ್ಮ ಮ್ಯೂಸಿಯಂನಿಂದಲೂ ನೇರ ರೇಖೆಯಲ್ಲಿ 90 ಮೈಲಿಗಿಂತ ದೂರ ಇರಬೇಕು. ದೂರದ ಅಗ್ಗದ ಮ್ಯೂಸಿಯಂ ಸದಸ್ಯತ್ವ ಕೊಂಡು ಪಕ್ಕದ ದುಬಾರಿ ಮ್ಯೂಸಿಯಂಗೆ ಹೋಗುವ ಜಾಣತನ ಇಲ್ಲಿ ನಡೆಯದು. ಕೌಂಟರಿನಲ್ಲಿ ಡ್ರೈವಿಂಗ್ ಲೈಸೆನ್ಸ್ ವಿಳಾಸ ನೋಡುತ್ತಾರೆ. ಐಮ್ಯಾಕ್ಸ್, ವಿಶೇಷ ಪ್ರದರ್ಶನಗಳಿಗೆ ಬೇರೆ ಟಿಕೆಟ್. ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳು ಎಲ್ಲರಿಗೂ ಉಚಿತ.

4-ಎಚ್ ಎಂದರೆ ದನ-ಕುರಿ ಸಾಕುವ ಹಳ್ಳಿ ಮಕ್ಕಳ ಕ್ಲಬ್ ಎಂದು ನಮ್ಮವರು ಕಡೆಗಣಿಸುತ್ತಾರೆ. ರಾಜ್ಯದ ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ಘಟಕ ಇದನ್ನು ಕೌಂಟಿ ಕೌಂಟಿಗೆ ನಡೆಸುತ್ತದೆ, ರೋಬಾಟಿಕ್ಸ್, ರಾಕೆಟ್, ಕೀಟಶಾಸ್ತ್ರ ಎಲ್ಲ ಇದೆ, ಖರ್ಚು ಖಾಸಗಿ ಕೋಚಿಂಗಿಗೆ ಹೋಲಿಸಿದರೆ ಏನೂ ಅಲ್ಲ. ತಂಡದಲ್ಲಿ ಆಡುವ ಮಗುವಾದರೆ ಸೈನ್ಸ್ ಒಲಿಂಪಿಯಾಡ್ ಕೇಳಿ: 15 ಜನರ ಶಾಲಾ ತಂಡ, 23 ವಿಭಾಗ, ಅರ್ಧ ಪರೀಕ್ಷೆ ಅರ್ಧ ಕೈಕೆಲಸ. ಊರಿನ ಒಲಿಂಪಿಯಾಡ್ ಪರೀಕ್ಷೆಗಳಿಗೂ ಇದಕ್ಕೂ ಹೆಸರೊಂದು ಬಿಟ್ಟರೆ ಸಂಬಂಧವಿಲ್ಲ.

ಎಚ್-4 ವೀಸಾದ (ಎಚ್-1ಬಿ ಕೆಲಸಗಾರರ ಕುಟುಂಬದ ವೀಸಾ) ಮಕ್ಕಳು ಇವೆಲ್ಲದರಲ್ಲೂ ಸಾಮಾನ್ಯವಾಗಿ ಸೇರಬಹುದು. ತಡೆ ಬರುವುದು ಎರಡು ಕಡೆ. ಸಂಬಳ ಅಥವಾ ಸ್ಟೈಪೆಂಡ್ ಕೊಡುವ ಇಂಟರ್ನ್‌ಶಿಪ್ ಅವರು ಒಪ್ಪಿಕೊಳ್ಳುವಂತಿಲ್ಲ. ಸರ್ಕಾರಿ ಲ್ಯಾಬುಗಳ ಎಷ್ಟೋ ಬೇಸಿಗೆ ಕಾರ್ಯಕ್ರಮಗಳು ಪೌರತ್ವ ಅಥವಾ ಗ್ರೀನ್ ಕಾರ್ಡ್ ಕೇಳುತ್ತವೆ. ಅಂತಾರಾಷ್ಟ್ರೀಯ ಭೌತಶಾಸ್ತ್ರ ಒಲಿಂಪಿಯಾಡಿಗೆ ಹೋಗುವ ಅಮೆರಿಕದ ತಂಡಕ್ಕೂ ಇದೇ ಷರತ್ತು. ಅರ್ಜಿಯ ಪ್ರಬಂಧ ಬರೆಯುವ ಮೊದಲು ಅರ್ಹತೆಯ ಪುಟ ಓದಿ. ಬೇಸಿಗೆ ಕ್ಯಾಂಪ್‌ಗಳ ನೋಂದಣಿ ಎಷ್ಟೋ ಊರುಗಳಲ್ಲಿ ಜನವರಿ-ಫೆಬ್ರವರಿಯಲ್ಲೇ ತೆರೆಯುತ್ತದೆ, ಒಳ್ಳೆಯವು ಬೇಗ ತುಂಬುತ್ತವೆ, ಮ್ಯೂಸಿಯಂ ಸದಸ್ಯರಿಗೆ ಕೆಲವು ಕಡೆ ಮೊದಲ ಅವಕಾಶ ಇರುತ್ತದೆ. ಸದಸ್ಯತ್ವ ಕೊಳ್ಳುವುದಾದರೆ ಡಿಸೆಂಬರಿನೊಳಗೆ ಕೊಂಡುಬಿಡಿ.