ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಕವಿತೆಯ ಲಯ: ನನ್ನ ಅನುಭವ

ಪದವಿ ತರಗತಿಯಲ್ಲಿ ಇಂಗ್ಲಿಷ್ ಛಂದಸ್ಸು ಕಲಿಸಲು ನಾನು ನೆಚ್ಚಿಕೊಂಡಿರುವುದು ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಬರೆದ ‘ಲೀಡ್, ಕೈಂಡ್ಲಿ ಲೈಟ್’. ಇಂಗ್ಲಿಷ್ ಮೇಷ್ಟರೇ ಆಗಿದ್ದ ಬಿ.ಎಂ.ಶ್ರೀ. ಅದನ್ನು ‘ಕರುಣಾಳು, ಬಾ, ಬೆಳಕೆ’ ಎಂದು ಕನ್ನಡಕ್ಕೆ ತಂದರು. ಆ ಹಾಡು ಬಹಳ ಮಕ್ಕಳ ಕಿವಿಯಲ್ಲಿ ಆಗಲೇ ಇರುತ್ತದೆ.

ಮೊದಲ ಸಾಲಿನಿಂದ ಶುರುಮಾಡಬಾರದು. ಅಲ್ಲಿ ಆರಂಭದ ಎರಡು ಉಚ್ಚಾರಾಂಶಗಳಿಗೂ (ಸಿಲಬಲ್‌ಗಳಿಗೂ) ಒತ್ತು ಬಿದ್ದು ನಡೆ ತಿಳಿಯುವುದಿಲ್ಲ. ಮೂರನೆಯ ಸಾಲು ಸಲೀಸು: ‘ದ ನೈಟ್ ಈಸ್ ಡಾರ್ಕ್, ಅಂಡ್ ಐ ಆಮ್ ಫಾರ್ ಫ್ರಮ್ ಹೋಮ್’. ಉಚ್ಚಾರಾಂಶ ಹತ್ತು, ಒತ್ತು ಐದು. ನೈಟ್, ಡಾರ್ಕ್, ಐ, ಫಾರ್, ಹೋಮ್ ಬಂದಾಗ ಮಾತ್ರ ಬೆಂಚು ತಟ್ಟಿಸುತ್ತೇನೆ.

ಎಡವುವುದು ಇಲ್ಲೇ. ನಮ್ಮ ನಾಲಿಗೆಗೆ ಪದದ ಕೊನೆಗೆ ಸ್ವರ ಬೇಕು. ನೈಟು, ಡಾರ್ಕು, ಹೋಮು ಎಂದರೆ ಹತ್ತು ಹದಿಮೂರಾಗಿ ತಾಳ ತಪ್ಪುತ್ತದೆ. ‘ತಪ್ಪು’ ಎಂದು ಗದರಿದರೆ ಬಾಯಿ ಕಟ್ಟುತ್ತದೆ, ಅಷ್ಟೆ. ಸಂಧಿ ಮಾಡಿಸಿ: ‘ನೈಟಿಸ್’, ‘ಡಾರ್ಕಂಡ್’. ವ್ಯಂಜನಕ್ಕೆ ಮುಂದಿನ ಪದದ ಸ್ವರವೇ ಸಿಕ್ಕಾಗ ‘ಉ’ ತಾನಾಗಿ ಬಿದ್ದುಹೋಗುತ್ತದೆ. ‘ಹೋಮ್’ಗೆ ತುಟಿ ಮುಚ್ಚಿ ಅಲ್ಲೇ ನಿಲ್ಲಿಸಬೇಕು. ಸಾಲಿನ ಕೆಳಗೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳಲು ನಾನು ಬಿಡುವುದಿಲ್ಲ. ‘ಈಸ್’ ಎಂದು ಬರೆದ ಕೂಡಲೇ ಅದನ್ನು ಗುರು ಮಾಡಿ ಎಳೆಯುತ್ತಾರೆ. ಇಂಗ್ಲಿಷ್ ಅಳೆಯುವುದು ಒತ್ತನ್ನು, ಎಳೆತವನ್ನಲ್ಲ. ಒತ್ತಿನ ಮೇಲೆ ಪೆನ್ಸಿಲ್ ಚುಕ್ಕೆ ಇಟ್ಟರೆ ಸಾಕು.

ಎರಡನೆಯ ದಿನ ಕನ್ನಡ. ‘ಕರುಣಾಳು | ಬಾ ಬೆಳಕೆ | ಮುಸುಕಿದೀ | ಮಬ್ಬಿನಲಿ’: ಐದು ಮಾತ್ರೆಯ ನಾಲ್ಕು ಗಣ. ಮುಂದಿನ ‘ಕೈ ಹಿಡಿದು ನಡೆಸೆನ್ನನು’ ಹನ್ನೊಂದೇ ಮಾತ್ರೆ. ನ್ಯೂಮನ್ನರಲ್ಲೂ ಹತ್ತು ಉಚ್ಚಾರಾಂಶದ ಸಾಲಾದ ಮೇಲೆ ನಾಲ್ಕರ ಸಾಲು. ಒಂದು ಭಾಷೆ ಒತ್ತಿನಿಂದ ಕಟ್ಟಿದ ಏರಿಳಿತವನ್ನು ಇನ್ನೊಂದು ಮಾತ್ರೆಯಿಂದ ಕಟ್ಟಿದೆ. ಎರಡನ್ನೂ ಒಟ್ಟಿಗೆ ತಟ್ಟಿಸಿದಾಗ ಇದು ಕೈಗೇ ಗೊತ್ತಾಗುತ್ತದೆ.

ಅರ್ಥಕ್ಕೆ ಆಮೇಲೆಯೇ ಬರುವುದು. ಸಾರಾಂಶ ಬರೆಸುವುದಿಲ್ಲ, ಅದು ಗೈಡಿನಲ್ಲಿ ಸಿಗುತ್ತದೆ. ‘ಇರುಳು ಕತ್ತಲೆಯ ಗವಿ, ಮನೆ ದೂರ’ ಎಂಬುದನ್ನು ಮೂಲದ ಪಕ್ಕ ಬರೆದು, ಯಾವುದು ಸೇರಿದೆ, ಯಾವುದು ಬಿಟ್ಟಿದೆ ಎಂದು ಕೇಳುತ್ತೇನೆ. ‘ಗವಿ’ ಬೇಗ ಸಿಗುತ್ತದೆ. ‘ನಾನು’ ಬಿಟ್ಟುಹೋದದ್ದು ಕಾಣಲು ಹೊತ್ತು ಬೇಕು. ಆ ಹೊತ್ತು ಕೊಡಬೇಕು, ನಾವೇ ಹೇಳಿಬಿಡಬಾರದು. ಎರಡನೆಯ ಪದ್ಯಕ್ಕೆ ಚುಕ್ಕೆ ಇಡುವ ಕೆಲಸ ಮನೆಗೆ.